ಹಳೆಯ ಕಂಪ್ಯೂಟರಿಗೆ ವೈಫೈ: ಸರಿಯಾದ ಡ್ರೈವರ್ ಹುಡುಕುವ ಕ್ರಮ

ನಮ್ಮಲ್ಲಿ ಅನೇಕರ ಮನೆಯಲ್ಲಿ ವಿಂಡೋಸ್ 7 ಇರುವ ಹಳೆಯ ಕಂಪ್ಯೂಟರ್ ಮೂಲೆ ಸೇರಿದೆ. ಯುಎಸ್‌ಬಿ ವೈಫೈ ಅಡಾಪ್ಟರ್ ತಂದು ಹಾಕಿದರೂ ನೆಟ್ ಬರುವುದಿಲ್ಲ. ಕಾರಣ ಡ್ರೈವರ್. ಅದು ಅಡಾಪ್ಟರಿಗೂ ವಿಂಡೋಸ್‌ಗೂ ನಡುವಿನ ದುಭಾಷಿ. ಮನೆಯಲ್ಲಿ ಉರ್ದು, ಹೊರಗೆ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಬೆಳೆದ ನನಗೆ ದುಭಾಷಿಯ ಬೆಲೆ ಗೊತ್ತು.

ನಮ್ಮ ಮನೆಯಲ್ಲಿ ಇರುವುದು ಒಂದೇ ಫೋನ್. ಸಂಜೆ ಅಬ್ಬಾ ಅದನ್ನು ಅಂಗಡಿಗೆ ಒಯ್ದರೆ ನನಗೂ ಆಪಾಗೂ ಆನ್‌ಲೈನ್ ಪಾಠವಿಲ್ಲ. ಮೇಲ್ಮನೆಯ ಚಾಚಾ ತಮ್ಮ ವೈಫೈ ಬಳಸಲು ಒಪ್ಪಿದ ಮೇಲೆ ನಾನು ಅನುಸರಿಸಿದ ಕ್ರಮ ಇದು.

1. ಡಬ್ಬಿಯ ಮೇಲಿನ ಹೆಸರನ್ನು ನಂಬಬೇಡಿ. ಟಿಪಿ-ಲಿಂಕ್ ಡಬ್ಲ್ಯುಎನ್722ಎನ್ ಅಡಾಪ್ಟರಿನ ಮೊದಲ ಆವೃತ್ತಿಯಲ್ಲಿ ಅಥೆರೋಸ್ ಚಿಪ್, ಎರಡನೆಯದರಲ್ಲಿ ರಿಯಲ್‌ಟೆಕ್ ಚಿಪ್. ಹೆಸರು ಒಂದೇ, ಡ್ರೈವರ್ ಬೇರೆ.

2. ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ಗುರುತಿನ ಸಾಧನದ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿಸ್ ನೋಡಿ. ವಿಐಡಿ ತಯಾರಕರ ಸಂಖ್ಯೆ, ಪಿಐಡಿ ಸಾಧನದ ಸಂಖ್ಯೆ. ವಿಐಡಿ 0ಬಿಡಿಎ, ಪಿಐಡಿ 8179 ಎಂದಿದ್ದರೆ ಅದು ರಿಯಲ್‌ಟೆಕ್ 8188ಇಯು ಚಿಪ್.

3. ಕಂಪ್ಯೂಟರ್ ಪ್ರಾಪರ್ಟೀಸ್‌ನಲ್ಲಿ ವಿಂಡೋಸ್ 32 ಬಿಟ್ ಅಥವಾ 64 ಬಿಟ್ ಎಂದು ನೋಡಿ. ಡ್ರೈವರ್ ಅದಕ್ಕೆ ಹೊಂದಬೇಕು.

4. ಬೇರೆ ಕಂಪ್ಯೂಟರಿನಲ್ಲಿ ತಯಾರಕರ ತಾಣದಿಂದಲೇ ಡೌನ್‌ಲೋಡ್ ಮಾಡಿ, ಪೆನ್‌ಡ್ರೈವ್‌ನಲ್ಲಿ ತನ್ನಿ. ಸೆಟಪ್ ಇದ್ದರೆ ಓಡಿಸಿ. ಇಲ್ಲದಿದ್ದರೆ ಅಪ್‌ಡೇಟ್ ಡ್ರೈವರ್ ಒತ್ತಿ ಆ ಫೋಲ್ಡರ್ ತೋರಿಸಿ. ಅಲ್ಲಿನ ಐಎನ್‌ಎಫ್ ಕಡತದಲ್ಲಿ ನಿಮ್ಮ ಸಾಧನದ ಸಂಖ್ಯೆ ಇದ್ದರೆ ಮಾತ್ರ ವಿಂಡೋಸ್ ಒಪ್ಪುತ್ತದೆ. ವೋಚರ್ ಇಲ್ಲದ ಎಂಟ್ರಿಯನ್ನು ಆಡಿಟರ್ ಒಪ್ಪದ ಹಾಗೆ.

5. ಕೋಡ್ 52 ಬಂದರೆ ಡ್ರೈವರಿನ ಡಿಜಿಟಲ್ ಸಹಿಯನ್ನು ವಿಂಡೋಸ್ ಗುರುತಿಸಿಲ್ಲ ಎಂದರ್ಥ. ಹೊಸ ಬಗೆಯ ಸಹಿ ಓದಲು ವಿಂಡೋಸ್ 7ಕ್ಕೆ ಕೆಬಿ3033929 ಅಪ್‌ಡೇಟ್ ಬೇಕು.

6. ಡ್ರೈವರ್ ಕೂತರೂ ನೆಟ್‌ವರ್ಕ್ ಹೆಸರು ಕಾಣದಿದ್ದರೆ ರೂಟರ್ ನೋಡಿ. ಅಗ್ಗದ ಹಳೆಯ ಅಡಾಪ್ಟರುಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ, 5 ಹಿಡಿಯುವುದಿಲ್ಲ.

ಒಂದು ಎಚ್ಚರಿಕೆ. ವಿಂಡೋಸ್ 7ಕ್ಕೆ ಸಾಮಾನ್ಯ ಭದ್ರತಾ ಅಪ್‌ಡೇಟ್ 2020ರ ಜನವರಿ 14ಕ್ಕೆ ನಿಂತಿದೆ. ಪಾಠ, ನೋಟ್ಸ್, ಹಳೆಯ ಪ್ರಶ್ನೆಪತ್ರಿಕೆಗೆ ಬಳಸಿ. ಬ್ಯಾಂಕ್ ಮತ್ತು ಸ್ಕಾಲರ್‌ಶಿಪ್ ಅರ್ಜಿಯ ಕೆಲಸ ಅದರಲ್ಲಿ ಬೇಡ. ಡ್ರೈವರ್ ಫೋಲ್ಡರನ್ನು ಪೆನ್‌ಡ್ರೈವ್‌ನಿಂದ ಅಳಿಸಬೇಡಿ. ವಿಂಡೋಸ್ ಮತ್ತೆ ಹಾಕುವ ದಿನ ಮೊದಲು ಬೇಕಾಗುವುದು ಅದೇ.