ಕ್ಯಾನ್ಸರ್ ಎಂದು ತಿಳಿದ ವಾರ: ದುಡ್ಡಿಗೆ ಓಡುವ ಮೊದಲು ಕಾಗದಕ್ಕೆ ಓಡಿ

‘ನಮಗೆ ಇನ್ಶೂರೆನ್ಸ್ ಇಲ್ಲ, ಜಮೀನು ಮಾರಬೇಕು.’ ಶಿಡ್ಲಘಟ್ಟದ ರೇಷ್ಮೆ ರೀಲರ್ ಮನೆಯಿರಲಿ, ಚಿಂತಾಮಣಿಯ ಟೊಮೆಟೊ ಬೆಳೆಗಾರರ ಮನೆಯಿರಲಿ, ಬಯಾಪ್ಸಿ ರಿಪೋರ್ಟ್ ಕೈಗೆ ಬಂದ ಸಂಜೆ ಕೇಳಿಬರುವ ಮಾತಿದು. ಮರುದಿನವೇ ಒಡವೆ ಅಡವಿಡುತ್ತಾರೆ, ಬಡ್ಡಿಗೆ ಸಾಲ ಎತ್ತುತ್ತಾರೆ. ಸರ್ಕಾರದ ಯೋಜನೆ ನೆನಪಾಗುವುದು ಎಲ್ಲ ಖರ್ಚಾದ ಮೇಲೆ. ಈ ಕ್ರಮ ತಲೆಕೆಳಗಾಗಬೇಕು. ಸಾಲ ಕೊನೆಯ ಮೆಟ್ಟಿಲು, ಮೊದಲನೆಯದಲ್ಲ.

ಪಾಲಿಸಿ ಮಾಡಿಸದಿದ್ದರೂ ನಿಮಗೆ ರಕ್ಷಣೆ ಇದೆ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಭರಿಸುತ್ತದೆ, ಅದಕ್ಕೆ ವರ್ಷಕ್ಕೆ 1.5 ಲಕ್ಷದ ಮಿತಿ. ಕ್ಯಾನ್ಸರ್ ಶಸ್ತ್ರಚಿಕಿತ್ಸೆ, ಕೀಮೋ, ರೇಡಿಯೇಷನ್ ಇದರೊಳಗೆ ಬರುತ್ತವೆ.

ಇನ್ನೊಂದನ್ನು ಮನೆಯಲ್ಲೇ ವಿಚಾರಿಸಿ. ಗೌರಿಬಿದನೂರು, ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ಗೆ ಹೋಗುವ ಮಗನೋ ಮಗಳೋ ಇದ್ದರೆ ಸಂಬಳದ ಚೀಟಿ ತೆಗೆದು ನೋಡಿ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದಲ್ಲಿ ಶೇ 0.75ರಷ್ಟು ಇಎಸ್‌ಐ ವಿಮೆಗೆ ಕಡಿತವಾಗುತ್ತಿರುತ್ತದೆ. ಆ ಮಗ ಅಥವಾ ಮಗಳನ್ನೇ ಅವಲಂಬಿಸಿರುವ ತಂದೆತಾಯಿಗೂ ಅದರ ಸೌಲಭ್ಯ ಇದೆ. ‘ವಿಮೆ ಇಲ್ಲ’ ಎನ್ನುವ ಎಷ್ಟೋ ಮನೆಗಳಲ್ಲಿ ಅದು ಇದ್ದೂ ಯಾರಿಗೂ ಗೊತ್ತಿರುವುದಿಲ್ಲ.

ಈಗ ಕೆಲಸ. ರೋಗಿಯ ಹೆಸರು ರೇಷನ್ ಕಾರ್ಡ್‌ನಲ್ಲೂ ಆಧಾರ್‌ನಲ್ಲೂ ಒಂದೇ ರೀತಿ ಇದೆಯೇ ನೋಡಿ. ಹೊಸದಾಗಿ ಬಂದ ಸೊಸೆ, ಚಿಕ್ಕ ಮಕ್ಕಳ ಹೆಸರು ರೇಷನ್ ಕಾರ್ಡಿಗೆ ಸೇರಿರುವುದೇ ಇಲ್ಲ. ಈ ತೊಡಕು ಆಸ್ಪತ್ರೆಯ ಕೌಂಟರ್‌ನಲ್ಲಿ ಗೊತ್ತಾಗುವುದಕ್ಕಿಂತ ಊರಿನಲ್ಲೇ ಗೊತ್ತಾಗಲಿ. ಗ್ರಾಮ ಒನ್ ಕೇಂದ್ರದಲ್ಲಿ ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡ್ ಮಾಡಿಸಿ. ಆಮೇಲೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ರಿಪೋರ್ಟ್ ಒಯ್ದು ಶಿಫಾರಸು ಪತ್ರ ಪಡೆಯಿರಿ. ಯೋಜನೆಯಡಿ ಖಾಸಗಿ ಆಸ್ಪತ್ರೆಗೆ ಹೋಗುವವರಿಗೆ ಇದು ಬೇಕೇ ಬೇಕು. ಬೆಂಗಳೂರಿನ ಹೊಸೂರು ರಸ್ತೆಯ ಕಿದ್ವಾಯಿ ಸರ್ಕಾರಿ ವ್ಯವಸ್ಥೆಯದೇ ಸಂಸ್ಥೆ. ಅಲ್ಲಿಗೆ ಹೋಗುವಾಗಲೂ ಪತ್ರ ಜೊತೆಗಿದ್ದರೆ ಅಲೆದಾಟ ಕಡಿಮೆ. 1973ರಿಂದ ಕ್ಯಾನ್ಸರ್ ಒಂದನ್ನೇ ನೋಡುತ್ತಿರುವ ಜಾಗ ಅದು. ಸರದಿ ದೊಡ್ಡದು, ನಿಜ. ಆದರೂ ಮೊದಲ ಅಭಿಪ್ರಾಯಕ್ಕೆ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯವರು ಅಲ್ಲಿಗೇ ಹೋಗಬೇಕು ಎಂಬುದು ನನ್ನ ಖಚಿತ ನಿಲುವು.

ಅತಿ ಹೆಚ್ಚು ಜನ ಎಡವುವುದು ಇದಾದ ಮೇಲೆ. ಯಾರೋ ಪರಿಚಯದವರು ಹೇಳಿದರೆಂದು ಒಂದು ಖಾಸಗಿ ಆಸ್ಪತ್ರೆಗೆ ಹೋಗುತ್ತಾರೆ. ‘ಈಗ ಅಡ್ವಾನ್ಸ್ ಕಟ್ಟಿ, ಕಾರ್ಡ್ ವಿಚಾರ ಆಮೇಲೆ ನೋಡೋಣ’ ಎಂಬ ಮಾತು ಕೇಳಿ ಹಣ ಕಟ್ಟಿಬಿಡುತ್ತಾರೆ. ‘ಆಮೇಲೆ’ ಎಂಬುದು ಈ ಯೋಜನೆಯಲ್ಲಿ ಇಲ್ಲ. ಇದು ನಗದುರಹಿತ ಯೋಜನೆ: ಮೊದಲು ಪೂರ್ವಾನುಮತಿ, ಅನಂತರ ಚಿಕಿತ್ಸೆ, ಹಣ ಸರ್ಕಾರದಿಂದ ನೇರ ಆಸ್ಪತ್ರೆಗೆ. ನೀವು ಕಟ್ಟಿದ ಬಿಲ್ ತೋರಿಸಿದರೂ ಹಣ ವಾಪಸ್ ಬರುವುದಿಲ್ಲ. ಹಾಗಾಗಿ ಯಾವುದೇ ನೋಂದಾಯಿತ ಆಸ್ಪತ್ರೆಗೆ ಕಾಲಿಟ್ಟರೂ ಹಣದ ಕೌಂಟರ್‌ಗೆ ಹೋಗಬೇಡಿ, ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರ ಎಲ್ಲಿ ಕೂರುತ್ತಾರೆ ಎಂದು ಕೇಳಿ. ಕಾರ್ಡ್, ಶಿಫಾರಸು ಪತ್ರ, ರಿಪೋರ್ಟ್ ಅವರ ಕೈಗೆ ಕೊಟ್ಟು, ಯಾವ ಚಿಕಿತ್ಸೆಗೆ ಅನುಮತಿ ಸಿಕ್ಕಿದೆ, ಯಾವ ಪರೀಕ್ಷೆ, ಯಾವ ಔಷಧ ಪ್ಯಾಕೇಜ್‌ನ ಹೊರಗಿದೆ ಎಂದು ಬರೆಸಿಕೊಳ್ಳಿ. ಉತ್ತರ ಸಿಗದಿದ್ದರೆ ಆ ಆಸ್ಪತ್ರೆಯಿಂದ ಎದ್ದು ಬರಲು ನಾಚಬೇಡಿ. ಯಾರೋ ಹೇಳಿದ ಆಸ್ಪತ್ರೆಗೆ ಓಡುವುದರಲ್ಲಿ ದುಡ್ಡಿಗಿಂತ ದೊಡ್ಡ ನಷ್ಟವೂ ಇದೆ. ಕ್ಯಾನ್ಸರ್ ತಜ್ಞರಲ್ಲದವರು ಅವಸರದಲ್ಲಿ ಗಡ್ಡೆ ತೆಗೆದು, ಅಂಚಿನಲ್ಲಿ ರೋಗ ಉಳಿದು, ಮತ್ತೆ ಶಸ್ತ್ರಚಿಕಿತ್ಸೆ ಮಾಡಿಸಬೇಕಾದ ಹೆಂಗಸರನ್ನು ನೋಡಿದ್ದೇನೆ. ಅಷ್ಟರಲ್ಲಿ ಮನೆಯಲ್ಲಿ ಏನೂ ಉಳಿದಿರುವುದಿಲ್ಲ.

ಬಯಾಪ್ಸಿ ಮಾಡಿಸಿದ ಲ್ಯಾಬ್‌ನಿಂದ ರಿಪೋರ್ಟ್ ಜೊತೆಗೆ ಗಡ್ಡೆಯ ತುಣುಕಿನ ಸ್ಲೈಡ್ ಮತ್ತು ಬ್ಲಾಕ್ ಕೇಳಿ ಪಡೆಯಿರಿ. ದೊಡ್ಡ ಆಸ್ಪತ್ರೆಯವರು ಅವನ್ನು ಮತ್ತೆ ಪರಿಶೀಲಿಸುತ್ತಾರೆ. ಇಲ್ಲದಿದ್ದರೆ ರೋಗಿಗೆ ಇನ್ನೊಮ್ಮೆ ಸೂಜಿ.

ಈ ಹೊತ್ತಿನಲ್ಲಿ ಹೊಸ ಪಾಲಿಸಿ ಮಾರಲು ಬರುವವರನ್ನು ಬಾಗಿಲಲ್ಲೇ ಕಳಿಸಿ. ಮೊದಲೇ ಇರುವ ಕಾಯಿಲೆಗೆ ಕಂಪನಿಗಳು 36 ತಿಂಗಳವರೆಗೆ ಕಾಯಿಸಬಹುದು. ಕಾಯಿಲೆ ಮುಚ್ಚಿಟ್ಟು ಸಹಿ ಹಾಕಿದರೆ ಕಂತೂ ಹೋಯಿತು, ಕ್ಲೇಮೂ ಹೋಯಿತು.

ಪ್ಯಾಕೇಜ್‌ನ ಹೊರಗಿನ ಖರ್ಚಿಗೆ ಆಸ್ಪತ್ರೆಯಿಂದ ಅಂದಾಜು ವೆಚ್ಚದ ಪತ್ರ ಪಡೆದು ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಿ. ಶಾಸಕರ ಪತ್ರ ಜೊತೆಗಿರಲಿ. ಪ್ರಧಾನಿ ಪರಿಹಾರ ನಿಧಿಗೆ ಸಂಸದರ ಪತ್ರ ನೆರವಾಗುತ್ತದೆ. ಇಲ್ಲೊಂದು ಗೊಂದಲ: ಜಿಲ್ಲೆ ಒಂದೇ ಆದರೂ ಚಿಂತಾಮಣಿ, ಶಿಡ್ಲಘಟ್ಟ ಸೇರಿರುವುದು ಕೋಲಾರ ಲೋಕಸಭಾ ಕ್ಷೇತ್ರಕ್ಕೆ. ಚಿಕ್ಕಬಳ್ಳಾಪುರ, ಗೌರಿಬಿದನೂರಿನವರು ಚಿಕ್ಕಬಳ್ಳಾಪುರ ಸಂಸದರ ಬಳಿಗೆ ಹೋಗಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಕೇಂದ್ರ ಆರೋಗ್ಯ ಸಚಿವರ ಕ್ಯಾನ್ಸರ್ ರೋಗಿಗಳ ನಿಧಿಯೂ ಇದೆ, ಕಿದ್ವಾಯಿಯಲ್ಲೇ ವಿಚಾರಿಸಿ. ಅಲ್ಲೂ ಖರ್ಚಾಗಿಹೋದ ಹಣ ಮರಳಿ ಸಿಗದು, ಮೊದಲೇ ಕೇಳಬೇಕು. ಮಾತ್ರೆಗಳಿಗೆ ವೈದ್ಯರಿಂದ ಜನರಿಕ್ ಹೆಸರು ಬರೆಸಿ ಜನೌಷಧಿ ಮಳಿಗೆಯಲ್ಲಿ ದರ ಕೇಳಿ.

ಪ್ರಯಾಣ: ಹೆಂಗಸರಿಗೆ ಶಕ್ತಿ ಯೋಜನೆಯಡಿ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಚಿಕಿತ್ಸೆಗೆಂದು ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಎರಡನೇ ದರ್ಜೆಯಲ್ಲಿ ಶೇ 75 ರಿಯಾಯಿತಿ ಇದೆ, ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು ನಾಲ್ಕಕ್ಕೂ ರೈಲಿದೆ. ರೇಡಿಯೇಷನ್ ವಾರಗಟ್ಟಲೆ ನಡೆಯುವುದರಿಂದ ದಿನವೂ ಓಡಾಡಬೇಡಿ, ಧರ್ಮಶಾಲೆಯಲ್ಲಿ ಜಾಗ ಕೇಳಿ.

ಯೋಜನೆಯ ಸಹಾಯವಾಣಿ 14555, ರಾಜ್ಯದ ಆರೋಗ್ಯ ಸಹಾಯವಾಣಿ 104. ಅಡ್ವಾನ್ಸ್ ಕಟ್ಟುವ ಮೊದಲು ಈ ಎರಡರಲ್ಲಿ ಒಂದಕ್ಕಾದರೂ ಕರೆ ಮಾಡಿ.