ತಾಳಗುಂದದ ಗಡಿ ಬದಲಿಸುವವರು ಯಾರು?

ಶಿಕಾರಿಪುರ ತಾಲ್ಲೂಕಿನ ತಾಳಗುಂದ ಹೋಬಳಿಯ ಹೆಸರೂ ಹೌದು, ಗ್ರಾಮ ಪಂಚಾಯಿತಿಯ ಹೆಸರೂ ಹೌದು. ಗೊಂದಲ ಹುಟ್ಟುವುದು ಇಲ್ಲೇ. ಹೋಬಳಿಯ ಕಂದಾಯ ಗಡಿ 1964ರ ಭೂ ಕಂದಾಯ ಕಾಯ್ದೆಗೆ ಸೇರಿದ್ದು, ಪಂಚಾಯಿತಿಯದು 1993ರ ಪಂಚಾಯತ್ ರಾಜ್ ಕಾಯ್ದೆಯ 4ನೇ ಪ್ರಕರಣಕ್ಕೆ. ಅದರಂತೆ ಜಿಲ್ಲಾಧಿಕಾರಿ ಪಂಚಾಯಿತಿಯ ಕೋರಿಕೆಯ ಮೇರೆಗೆ ಅಥವಾ ತಾವಾಗಿಯೇ, ಪ್ರಸ್ತಾವವನ್ನು ಮೊದಲು ಪ್ರಕಟಿಸಿ, ಅಧಿಸೂಚನೆಯ ಮೂಲಕ ಊರುಗಳನ್ನು ಸೇರಿಸಬಹುದು, ತೆಗೆಯಬಹುದು, ಕೇಂದ್ರಸ್ಥಾನವನ್ನೂ ಬದಲಿಸಬಹುದು. ಸಾಮಾನ್ಯ ಜನಸಂಖ್ಯಾ ಮಿತಿ 5,000ದಿಂದ 7,000. ಶಿವಮೊಗ್ಗದಂಥ ಮಲೆನಾಡು ಜಿಲ್ಲೆಗಳಲ್ಲಿ 2,500 ಇದ್ದರೂ ಸಾಕು. ಇದು ಪಕ್ಷಪಾತವೆಂಬ ಆಕ್ಷೇಪ ನಿಲ್ಲದು: ಮನೆಗಳು ಚದುರಿರುವ ಸೀಮೆಯಲ್ಲಿ ಬರೀ ತಲೆ ಎಣಿಸಿ ಗೆರೆ ಎಳೆದರೆ ಪಂಚಾಯಿತಿ ಕಚೇರಿಯೇ ದೂರವಾಗುತ್ತದೆ. ಚುನಾಯಿತರ ಗಡಿಯನ್ನು ಅಧಿಕಾರಿ ತೀರ್ಮಾನಿಸುವುದೇಕೆ ಎಂಬ ಪ್ರಶ್ನೆಗೆ ಮಾತ್ರ ತೂಕವಿದೆ. ಆದರೆ ಅಕ್ಕಪಕ್ಕದ ಎರಡು ಪಂಚಾಯಿತಿಗಳು ಒಂದೇ ಊರಿಗಾಗಿ ಪಟ್ಟು ಹಿಡಿದರೆ ಮೂರನೆಯವರು ಬೇಕೇಬೇಕು. ಪೂರ್ವಪ್ರಕಟಣೆಯ ಷರತ್ತು ಇರುವುದೇ ಆ ಊರಿನವರು ಆಕ್ಷೇಪ ಸಲ್ಲಿಸಲೆಂದು.