ನಿಂತಾಗ ಬರುವ ನೋವು, ಮಲಗಿಸಿ ಮಾಡಿದ ಸ್ಕ್ಯಾನಿಂಗ್

ಪ್ರಶ್ನೆ: ನನಗೆ 37 ವರ್ಷ. ಮೈಸೂರಿನ ಹೂಟಗಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಪ್ಯಾಕಿಂಗ್ ಕೆಲಸ, ಇಡೀ ಶಿಫ್ಟ್ ನಿಂತೇ ಇರಬೇಕು. ಎರಡು ಹೆರಿಗೆಯಾಗಿವೆ, ಎರಡನೆಯದು ಸಿಸೇರಿಯನ್, ಜೊತೆಗೇ ಮಕ್ಕಳಾಗದ ಆಪರೇಷನ್ನೂ ಆಗಿದೆ. ಮೂರು ವರ್ಷದಿಂದ ಕಿಬ್ಬೊಟ್ಟೆಯ ಎಡಗಡೆ ನೋವು. ಅಲ್ಲಿಂದ ತೊಡೆಯ ಒಳಭಾಗಕ್ಕೆ ಇಳಿದು ಕಾಲು ಜಗ್ಗಿದ ಹಾಗಾಗುತ್ತದೆ. ಸಂಜೆ ಜಾಸ್ತಿ, ಮಲಗಿದರೆ ಸ್ವಲ್ಪ ಹಗುರ. ಎರಡು ಸಲ ಸ್ಕ್ಯಾನಿಂಗ್ ಮಾಡಿ ನಾರ್ಮಲ್ ಅಂದರು. ಒಬ್ಬರು ಗ್ಯಾಸ್ಟ್ರಿಕ್ ಅಂದರು, ಇನ್ನೊಬ್ಬರು ಟೆನ್ಷನ್ ಅಂದರು, ಈಗ ಗರ್ಭಕೋಶ ತೆಗೆಸಿಬಿಡಿ ಅನ್ನುತ್ತಿದ್ದಾರೆ. ಮನೆಯವರಿಗೆ ನನ್ನ ಮೇಲೆ ನಂಬಿಕೆಯೇ ಹೋಗಿದೆ. ಏನು ಮಾಡಲಿ?

ಉತ್ತರ: ಮೊದಲು ಮನೆಯವರಿಗೆ ಈ ಉತ್ತರವನ್ನು ಓದಿಸಿ. ಸ್ಕ್ಯಾನಿಂಗ್ ನಾರ್ಮಲ್ ಎಂದರೆ ಆ ಪರೀಕ್ಷೆಯಲ್ಲಿ ಕಾಣುವಂಥ ಗಡ್ಡೆ, ಕಲ್ಲು ಇಲ್ಲ ಎಂದಷ್ಟೇ ಅರ್ಥ. ನೋವು ಇಲ್ಲ ಎಂದಲ್ಲ.

ಪತ್ರದ ಒಂದು ಸಾಲು ನನಗೆ ಬಹಳ ಮುಖ್ಯವಾಗಿ ಕಂಡಿತು: ಸಂಜೆ ಜಾಸ್ತಿ, ಮಲಗಿದರೆ ಹಗುರ. ಗ್ಯಾಸ್ಟ್ರಿಕ್ ನೋವು ಸಾಮಾನ್ಯವಾಗಿ ಹೀಗಿರುವುದಿಲ್ಲ. ಕಾಲಿನಲ್ಲಿ ವೆರಿಕೋಸ್ ವೇನ್ ಉಬ್ಬುವಂತೆ ಗರ್ಭಕೋಶ, ಅಂಡಾಶಯಗಳ ಸುತ್ತಲಿನ ರಕ್ತನಾಳಗಳೂ ಉಬ್ಬುತ್ತವೆ. ಬಸುರಿಯಾದಾಗ ಆ ನಾಳಗಳು ಹಿಗ್ಗುತ್ತವೆ. ಕೆಲವರಲ್ಲಿ ಒಳಗಿನ ಕವಾಟಗಳು ಸಡಿಲಗೊಂಡು ರಕ್ತ ಕೆಳಗೇ ನಿಲ್ಲುತ್ತದೆ. ಇದಕ್ಕೆ ಪೆಲ್ವಿಕ್ ಕಂಜೆಷನ್ ಎನ್ನುತ್ತಾರೆ. ಎಡ ಅಂಡಾಶಯದ ನಾಳ ಉದ್ದವಾಗಿದ್ದು, ನೇರವಾಗಿ ದೊಡ್ಡ ರಕ್ತನಾಳಕ್ಕೆ ಸೇರದೆ ಮೂತ್ರಪಿಂಡದ ನಾಳಕ್ಕೆ ಸೇರುವುದರಿಂದ ಎಡಗಡೆ ತೊಂದರೆ ಹೆಚ್ಚು. ಹೊತ್ತೆಲ್ಲ ನಿಂತು ಕೆಲಸ ಮಾಡಿದರೆ ಭಾರ, ಎಳೆತ ಏರುತ್ತದೆ. ಕೂಡಿದ ಮೇಲೆ ಗಂಟೆಗಟ್ಟಲೆ ನೋವು ಉಳಿಯುವುದು, ತೊಡೆಯ ಹಿಂಭಾಗದಲ್ಲೋ ಯೋನಿಯ ಹೊರತುಟಿಯಲ್ಲೋ ರಕ್ತನಾಳ ಉಬ್ಬಿದಂತೆ ಕಾಣುವುದು ಇದರ ಗುರುತು. ಇವನ್ನು ಡಾಕ್ಟರಿಗೆ ಹೇಳಲು ಸಂಕೋಚಪಡಬೇಡಿ. ಅವರು ಕೇಳದಿದ್ದರೂ ನೀವೇ ಹೇಳಿ.

ಇಂಥ ನೋವಿಗೆ ನಿಮ್ಮನ್ನು ಮಲಗಿಸಿ ಸ್ಕ್ಯಾನಿಂಗ್ ಮಾಡಿದ್ದಾರೆ. ಮಲಗಿದಾಗ ಆ ನಾಳಗಳೂ ಕುಗ್ಗುತ್ತವೆ. ಆದ್ದರಿಂದ ಯೋನಿಯ ಮೂಲಕ ಮಾಡುವ ಡಾಪ್ಲರ್ ಸ್ಕ್ಯಾನಿಂಗ್ ಮಾಡಿಸಿ. ನಿಲ್ಲಿಸಿಯೋ, ಉಸಿರು ಬಿಗಿಹಿಡಿದು ಮುಕ್ಕಿಸಿಯೋ ನಾಳಗಳನ್ನು ನೋಡುವಂತೆ ಕೇಳಿ. ಕಾಯಿಲೆ ಅದೇ ಎಂದು ಖಚಿತವಾದರೆ ಹಾರ್ಮೋನ್ ಮಾತ್ರೆಗಳಿವೆ. ರಕ್ತನಾಳದ ಮೂಲಕವೇ ಸಣ್ಣ ನಳಿಗೆ ಕಳಿಸಿ ಕೆಟ್ಟ ನಾಳವನ್ನು ಮುಚ್ಚುವ ಚಿಕಿತ್ಸೆಯೂ ಇದೆ, ಅದಕ್ಕೆ ಗರ್ಭಕೋಶ ತೆಗೆಯಬೇಕಿಲ್ಲ.

ಹಾಗೆಂದು ಪತ್ರ ಓದಿ ಕಾಯಿಲೆ ತೀರ್ಮಾನಿಸಲು ನನಗೆ ಆಗದು. ಬೇರೆ ಸಾಧ್ಯತೆಗಳೂ ಇವೆ. ಅಂಡಾಶಯದ ಪಕ್ಕದಲ್ಲೇ ತೊಡೆಯ ಒಳಭಾಗಕ್ಕೆ ಹೋಗುವ ಅಬ್ಚುರೇಟರ್ ನರ ಹಾದುಹೋಗುತ್ತದೆ. ಅಂಡಾಶಯದ ಊತ, ಸೋಂಕು, ಎಂಡೊಮೆಟ್ರಿಯೋಸಿಸ್ ಆ ನರವನ್ನು ಕೆಣಕಿದರೆ ರೋಗ ಹೊಟ್ಟೆಯಲ್ಲಿದ್ದರೂ ನೋವು ತೊಡೆಗೆ ಬರುತ್ತದೆ. ಸಿಸೇರಿಯನ್ ಗಾಯದ ಪಕ್ಕದ ನರ ಸಿಕ್ಕಿಕೊಂಡರೂ ಹೀಗಾಗಬಹುದು. ಮಲಗಿಕೊಂಡು ನೋವಿನ ಜಾಗವನ್ನು ಬೆರಳಿನಿಂದ ಒತ್ತಿಹಿಡಿದು ತಲೆ, ಭುಜ ಮೇಲೆತ್ತಿ. ನೋವು ಜಾಸ್ತಿಯಾದರೆ ಅದು ಹೊಟ್ಟೆಯ ಗೋಡೆಯಲ್ಲೇ ಇರುವ ಸಂಭವ ಹೆಚ್ಚು. ಬೆನ್ನೆಲುಬಿನ ಡಿಸ್ಕ್ ತೊಂದರೆಯಲ್ಲಿ ಕೆಮ್ಮಿದಾಗ, ಬಗ್ಗಿದಾಗ ನೋವು ಹೊಡೆಯುತ್ತದೆ, ಜೋಮು ಇರುತ್ತದೆ.

ನಮ್ಮ ದೇಶದಲ್ಲಿ ಮರೆಯಲೇಬಾರದ ಇನ್ನೊಂದಿದೆ: ಜನನಾಂಗದ ಕ್ಷಯ. ಕೆಮ್ಮು ಇಲ್ಲದೆಯೂ ಬರುತ್ತದೆ. ಮುಟ್ಟು ಕಡಿಮೆಯಾಗುವುದು, ಸಂಜೆ ಸಣ್ಣ ಜ್ವರ, ತೂಕ ಇಳಿಯುವುದು ಇದ್ದರೆ ಗರ್ಭಕೋಶದ ಒಳಪದರದ ಪರೀಕ್ಷೆ ಕೇಳಿ. ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯದ ಆಸ್ಪತ್ರೆ ಮೈಸೂರಿನ ಕೆಆರ್‌ಎಸ್ ರಸ್ತೆಯಲ್ಲೇ ಇದೆ. ಸರ್ಕಾರಿ ಕಾರ್ಯಕ್ರಮದಲ್ಲಿ ಔಷಧಿ ಉಚಿತ.

ಗರ್ಭಕೋಶದ ವಿಷಯ. ಕಾರಣ ಗೊತ್ತಾಗದ ನೋವಿಗೆ ಗರ್ಭಕೋಶ ತೆಗೆಸಬೇಡಿ. ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಲ್ಲಿ ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ಹೆಣ್ಣುಮಕ್ಕಳ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದದ್ದರ ವಿರುದ್ಧ ಹೋರಾಟವಾಗಿ, 2015ರ ಹೊತ್ತಿಗೆ ಸರ್ಕಾರವೇ ತನಿಖೆ ನಡೆಸಬೇಕಾಯಿತು. ಇಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ 2022ರಲ್ಲಿ ಮಾರ್ಗಸೂಚಿ ತಂದಿತು. ರಾಜ್ಯಗಳೆಲ್ಲ ಅದನ್ನು ಜಾರಿಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶಿಸಿತು. ನೋವಿನ ಮೂಲ ನರದಲ್ಲೋ ಡಿಸ್ಕ್‌ನಲ್ಲೋ ಇದ್ದರೆ ಗರ್ಭಕೋಶ ಹೋದ ಮೇಲೂ ನೋವು ಹಾಗೇ ಇರುತ್ತದೆ. ಅಂಡಾಶಯವನ್ನೂ ತೆಗೆದರಂತೂ ಈ ವಯಸ್ಸಿಗೇ ಮುಟ್ಟು ನಿಂತ ಮೇಲಿನ ತೊಂದರೆಗಳು, ಮೂಳೆ ಸವೆತ ಶುರು. ಯಾವ ಕಾಯಿಲೆಗೆ ತೆಗೆಯುತ್ತೀರಿ ಎಂದು ಬರೆದುಕೊಡಲು ಹೇಳಿ. ಆ ಚೀಟಿ ಹಿಡಿದು ಇನ್ನೊಬ್ಬ ಸ್ತ್ರೀರೋಗ ತಜ್ಞರನ್ನು ಕಾಣಿ. ಚೆಲುವಾಂಬ ಆಸ್ಪತ್ರೆಗೆ ಹೋಗಬಹುದು, ಇಎಸ್‌ಐ ಕಾರ್ಡ್ ಇದ್ದರೆ ಇಎಸ್‌ಐ ಆಸ್ಪತ್ರೆಯೂ ಇದೆ.

ಹೋಗುವ ಮುನ್ನ ಎರಡು ಮುಟ್ಟಿನ ಅವಧಿಯಷ್ಟು ದಿನ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ: ಮುಟ್ಟಿನ ದಿನ, ನೋವು ಹತ್ತರಲ್ಲಿ ಎಷ್ಟು, ಎಷ್ಟು ಹೊತ್ತು ನಿಂತಿದ್ದಿರಿ, ಮೂತ್ರ ಮಲ ಮಾಡುವಾಗ ನೋವಿತ್ತೇ. ಗಡಿಬಿಡಿಯ ಹೊರರೋಗಿ ವಿಭಾಗದಲ್ಲಿ ಈ ಎರಡು ಪುಟ ನಿಮ್ಮ ಪರವಾಗಿ ಮಾತಾಡುತ್ತವೆ. ಹಾಗೆಯೇ, ನಿಂತೇ ದುಡಿಯುವವರಿಗೆ ಕೂರಲು ವ್ಯವಸ್ಥೆ ಇರಬೇಕೆನ್ನುವುದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಇರುವ ಕಾನೂನು. ಸೂಪರ್‌ವೈಸರ್ ಹತ್ತಿರ ಸ್ಟೂಲ್ ಕೇಳುವುದು ನಿಮ್ಮ ಹಕ್ಕು.

ಕೆಲವು ಲಕ್ಷಣಗಳಿಗೆ ಮಾತ್ರ ನೋಟ್‌ಬುಕ್ ಬೇಡ, ಕೂಡಲೇ 108ಕ್ಕೆ ಫೋನ್ ಮಾಡಿ. ಒಂದೇ ಕಾಲು ಊದಿ ಬಿಸಿಯಾಗಿ ಮೀನಖಂಡ ನೋಯುವುದು. ಮುಟ್ಟು ತಪ್ಪಿ ಒಂದು ಪಕ್ಕ ಜೋರು ನೋವು, ತಲೆಸುತ್ತು (ಆಪರೇಷನ್ ಆದವರಿಗೂ ಅಪರೂಪಕ್ಕೆ ಅಂಡನಾಳದಲ್ಲಿ ಗರ್ಭ ನಿಲ್ಲುತ್ತದೆ). ಇದ್ದಕ್ಕಿದ್ದಂತೆ ತಡೆಯಲಾಗದ ನೋವು, ವಾಂತಿ. ಕೂರುವ ಜಾಗ ಮರಗಟ್ಟಿ ಮೂತ್ರ ಹಿಡಿತ ತಪ್ಪುವುದು.

ಪ್ರಶ್ನೆ: ಮಗಳಿಗೆ 19. ಮುಟ್ಟಿನ ಮೊದಲೆರಡು ದಿನ ಹೊಟ್ಟೆಯಿಂದ ತೊಡೆಗಳವರೆಗೆ ನೋವು, ವಾಂತಿ. ಕಾಲೇಜಿಗೆ ಹೋಗುವುದಿಲ್ಲ. ಮದುವೆಯಾದರೆ ಸರಿಹೋಗುತ್ತದೆ ಎನ್ನುತ್ತಾರೆ ಅತ್ತೆ.

ಉತ್ತರ: ಮದುವೆ ಔಷಧಿಯಲ್ಲ. ಗರ್ಭಕೋಶದ ನೋವು ತಿಳಿಸುವ ನರಗಳು ಬೆನ್ನುಹುರಿಯನ್ನು ಸೇರುವ ಮಟ್ಟಕ್ಕೇ ತೊಡೆಯ ಮುಂಭಾಗದ ಕೆಲವು ನರಗಳೂ ಸೇರುತ್ತವೆ, ಆದ್ದರಿಂದ ತೊಡೆ ಸೆಳೆಯುವುದು ಸಹಜ. ಆದರೆ ಕಾಲೇಜು ತಪ್ಪಿಸುವಷ್ಟು ನೋವನ್ನು ಸಹಜ ಎಂದು ಬಿಡಬಾರದು. ಹೊಟ್ಟೆಹುಣ್ಣು, ಆಸ್ತಮಾ, ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ, ಡಾಕ್ಟರನ್ನು ಕೇಳಿ ಮೆಫೆನಾಮಿಕ್ ಆಸಿಡ್‌ನಂಥ ಮಾತ್ರೆಯನ್ನು ನೋವು ಏರುವ ಮೊದಲೇ, ಊಟದ ನಂತರ ಶುರುಮಾಡಲಿ. ಮೂರು ತಿಂಗಳಲ್ಲಿ ಹಿಡಿತಕ್ಕೆ ಬರದಿದ್ದರೆ ಎಂಡೊಮೆಟ್ರಿಯೋಸಿಸ್ ಇದೆಯೇ ಎಂದು ನೋಡಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮುಟ್ಟಾಗುವ ವಯಸ್ಸಿನ ಹತ್ತರಲ್ಲಿ ಒಬ್ಬರಿಗೆ ಅದು ಇದೆ. ಅದು ಪತ್ತೆಯಾಗಲು ಎಷ್ಟೋ ಕಡೆ ವರ್ಷಗಳೇ ಹಿಡಿಯುವುದು ಹುಡುಗಿಯರ ಮಾತನ್ನು ಯಾರೂ ಕೇಳದ ಕಾರಣಕ್ಕೂ ಹೌದು. ಲ್ಯಾಪರೋಸ್ಕೋಪಿ ಮಾಡದೆಯೇ, ಲಕ್ಷಣ ನೋಡಿ ಹಾರ್ಮೋನ್ ಚಿಕಿತ್ಸೆ ಶುರುಮಾಡಬಹುದು. ಮುಂದೆ ಮಕ್ಕಳಾಗುವುದಕ್ಕೆ ಆ ಚಿಕಿತ್ಸೆ ಅಡ್ಡಿಯಲ್ಲ.

ಪ್ರಶ್ನೆ: ಸಿಸೇರಿಯನ್‌ನಲ್ಲಿ ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿಂದಲೇ ಆರು ವರ್ಷದಿಂದ ಸೊಂಟ, ಕಾಲು ನೋವೇ?

ಉತ್ತರ: ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ಆರು ವರ್ಷದ ನೋವಿಗೆ ಕಾರಣ ಬೇರೆ ಇರುತ್ತದೆ. ಇಂಜೆಕ್ಷನ್ ಮೇಲೆ ತಪ್ಪು ಹೊರಿಸಿ ಸುಮ್ಮನಾಗಿದ್ದೀರಿ, ಅಷ್ಟು ದಿನವೂ ತಪಾಸಣೆ ಬಾಕಿ ಉಳಿದಿದೆ. ಮೂಳೆ ತಜ್ಞರಿಗೆ ಬೆನ್ನು, ಸ್ತ್ರೀರೋಗ ತಜ್ಞರಿಗೆ ಕಿಬ್ಬೊಟ್ಟೆ ಎರಡನ್ನೂ ತೋರಿಸಿ. ವಿಟಮಿನ್ ಡಿ, ಬಿ12 ಮತ್ತು ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಿ.